ಯಲ್ಲಾಲಿಂಗನ ನೀಲಿ

ಖಟ್-ಪಟ್, ಖಟ್-ಪಟ್. ರಬಕವಿಯ ಆ ಓಣಿಯಲ್ಲಿ ಹೊತ್ತು ಮೂಡುವ ಮೊದಲೇ ಮಗ್ಗಗಳು ಏಳುತ್ತವೆ. ಹೊಸಬರಿಗೆ ಅದು ಗದ್ದಲ. ಅಲ್ಲಿಯೇ ಹುಟ್ಟಿದವರಿಗೆ ಅದು ನಿಂತಾಗಲೇ ಎಚ್ಚರವಾಗುವುದು. ಆ ದಿನ ಮಾತ್ರ ಯಲ್ಲಾಲಿಂಗ ಮಗ್ಗದ ಸದ್ದಿಗೇ ಬೆಚ್ಚಿ ಎದ್ದು ಕೂತ. ತಾನು ಬಣ್ಣ ಹಾಕಿದ ನೀಲಿ ನೂಲು ಆಗಲೇ ಮಗ್ಗ ಏರಿಬಿಟ್ಟಿತೇ? ಇಲ್ಲ, ಅದು ಏರುವುದು ಸಂಜೆಗೆ. ನಡುವೆ ಒಂದು ಹಗಲು ಉಳಿದಿತ್ತು.

ಯಲ್ಲಾಲಿಂಗ ಬಣ್ಣದ ಮಾಸ್ತರ. ಶಿದ್ರಾಮಪ್ಪ ಸಾವಕಾರರ ಬಣ್ಣದ ಮನೆಯಲ್ಲಿ ನೂಲಿನ ಲಡಿಗಳನ್ನು ಕುದಿಯುವ ಕಡಾಯಿಯಲ್ಲಿ ಅದ್ದಿ ತೆಗೆದು, ನಿನ್ನೆಯ ಬಣ್ಣಕ್ಕೆ ಇಂದಿನದು ಹೊಂದಿತೋ ಇಲ್ಲವೋ ಎಂದು ಹೇಳುವುದು ಅವನ ಕೆಲಸ. ಹೊಂದದಿದ್ದರೆ ಸೀರೆಯ ಒಡಲಲ್ಲಿ ಪಟ್ಟಿ ಬೀಳುತ್ತದೆ, ಸೀರೆ ಅಂಗಡಿಯಿಂದ ಮರಳಿ ಬರುತ್ತದೆ. ಅವನಿಗೆ ಈ ವಿದ್ಯೆ ಕಲಿಸಿದ ಮುದಕಪ್ಪ ಈಗಿಲ್ಲ. ಯಲ್ಲಾಲಿಂಗ ಹುಡುಗನಾಗಿದ್ದಾಗ ಅವನ ಬಲಗಣ್ಣಿನ ಮೇಲೆ ಅಂಗೈ ಇಟ್ಟು ಹೇಳಿದ್ದ: “ಎರಡು ಕಣ್ಣು ತೆರದ್ರ ಎರಡು ಮನಸ್ಸಾಗತಾವ ಲೇ. ಬಣ್ಣಾನ ಒಂದ ಕಣ್ಣೀಲೆ ಕೇಳು.” ಅಂದಿನಿಂದ ಯಾವ ಬಣ್ಣವನ್ನು ಪರೀಕ್ಷಿಸುವಾಗಲೂ ಅವನ ಬಲಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಲಡಿ ಎಡಗಣ್ಣಿನ ಹತ್ತಿರ ಬರುತ್ತಿತ್ತು. “ಸಂತ್ಯಾಗ ಬದನಿಕಾಯಿಗೂ ಕಣ್ಣು ಹೊಡೀತಾರ, ನಾ ಮಾರಿ ಎಲ್ಲಿ ಮುಚಗೊಳ್ಳಲಿ?” ಎಂದು ಹೆಂಡತಿ ಗಂಗಾಂಬಿಕಾ ನಗುತ್ತಿದ್ದಳು.

ಕುಡಿತವಿಲ್ಲ, ಇಸ್ಪೀಟಿಲ್ಲ. ಅವನಿಗಿದ್ದ ಒಂದೇ ಹುಚ್ಚು ಟಿವಿಯದು. ಹಿಂದಿನ ಕೋಣೆಯ ಕಿಟಕಿಗೆ ತಾನೇ ಬಣ್ಣ ಹಾಕಿದ ಕರಿ ಬಟ್ಟೆ ಹೊಡೆದು, ಗೋಡೆ ತುಂಬ ದೊಡ್ಡ ಟಿವಿ ಹಾಕಿಸಿ, ಎರಡೂ ಮೂಲೆಗೆ ಸ್ಪೀಕರ್ ನಿಲ್ಲಿಸಿದ್ದ. ಜೊತೆಗೆ ಸಾಲಿ ಕಲಿತ ಬಾಳಾಸಾಹೇಬ ಮಹಾಲಿಂಗಪುರದಲ್ಲಿ ಬೆಲ್ಲದ ವ್ಯಾಪಾರಿ. ಅವನಿಗೂ ಇದೇ ಹುಚ್ಚು. ಆದರೆ ಇಬ್ಬರದೂ ಬೇರೆ ಬೇರೆ ಪಂಥ.

ಈಗಿನ ಟಿವಿಗಳಲ್ಲಿ ಎಚ್‌ಡಿಆರ್ ಎಂಬುದು ಬಂದಿದೆ. ಬೆಳಕು ಇನ್ನಷ್ಟು ಬೆಳಗಿ, ಕತ್ತಲು ಇನ್ನಷ್ಟು ಕಪ್ಪಾಗಿ ಕಾಣುವ ಚಿತ್ರ. ಅದರಲ್ಲಿ ಮೊದಲ ಬಗೆಯದು ಇಡೀ ಸಿನಿಮಾಕ್ಕೆ ಒಂದೇ ಅಳತೆ ಹೇಳಿ ಸುಮ್ಮನಾಗುತ್ತದೆ, ಎಲ್ಲ ನೂಲಿಗೂ ಒಮ್ಮೆಗೇ ಬಣ್ಣ ಕಲಸಿಟ್ಟ ಹಾಗೆ. ಆಮೇಲೆ ಬಂದ ಡಾಲ್ಬಿ ವಿಷನ್ ಮತ್ತು ಎಚ್‌ಡಿಆರ್ ಟೆನ್ ಪ್ಲಸ್ ಎಂಬ ಎರಡು ಬಗೆಗಳು ದೃಶ್ಯ ದೃಶ್ಯಕ್ಕೂ ಬೇರೆ ಅಳತೆ ಹೇಳುತ್ತವೆ, ಲಡಿ ಲಡಿಗೂ ಮಾಸ್ತರನೇ ನಿಂತು ನೋಡಿದ ಹಾಗೆ. ಒಂದನ್ನು ಓದಬಲ್ಲ ಟಿವಿಗೆ ಎಷ್ಟೋ ಸಲ ಇನ್ನೊಂದನ್ನು ಓದಲು ಬರುವುದಿಲ್ಲ. ಯಲ್ಲಾಲಿಂಗನದು ಡಾಲ್ಬಿ, ಬಾಳಾಸಾಹೇಬನದು ಪ್ಲಸ್.

“ನಿನ್ನ ಟಿವಿಗೆ ನಂದು ಓದಾಕ ಬರಂಗಿಲ್ಲಲೇ ಯಲ್ಲಾ,” ಎಂದು ಬಾಳಾಸಾಹೇಬ ಫೋನಿನಲ್ಲಿ ಕೆಣಕುತ್ತಿದ್ದ.

“ನಿನ್ನ ಟಿವಿಗರ ಓದಾಕ ಬರತೈತಿ. ನೀ ಏಳನೇ ಇಯತ್ತಾ ಪರೀಕ್ಷಾದಾಗ ನನ್ನ ನೋಡಿ ಬರದವ.”

ಕಾರಹುಣ್ಣಿಮೆಯ ಮುಂದೆ ಮೊದಲ ಸಲ ಚಿತ್ರ ಮಂಕಾಯಿತು. ಕಡಲಿನ ಮೇಲಿನ ಒಂದು ಸಾಕ್ಷ್ಯಚಿತ್ರ ನೋಡುತ್ತಿದ್ದ. ಸುಮ್ಮನೆ ಒರಗಿ ನೋಡುವಾಗ ನೀರು ನೀಲಿಯಾಗಿಯೇ ಇತ್ತು. ಎಷ್ಟು ನೀಲಿ ಎಂದು ಮುಂದೆ ಬಾಗಿ ಕಣ್ಣು ಕಿರಿದು ಮಾಡಿದನೋ, ಹೊಗೆ ಹಿಡಿದ ಕಂದೀಲಿನ ಗಾಜಿನೊಳಗಿಂದ ಕಂಡ ಹಾಗೆ ಹಳದಿಗೆ ತಿರುಗಿತು. ಸೂರ್ಯನ ಸುತ್ತ ಹತ್ತಿಯಂಥ ಬೆಳಕು ಚದುರಿತು. ಮತ್ತೆ ಒರಗಿದ, ಚಿತ್ರ ಸರಿಯಾಯಿತು. ಬಣ್ಣದವನಿಗೆ ಕಣ್ಣು ಹೋಯಿತೆಂದರೆ ಉಳಿಯುವುದೇನು?

ಆದರೆ ಸಮಾಧಾನಕ್ಕೆ ಒಂದು ಕಾರಣ ಕೈಗೆ ಸಿಕ್ಕಿತು. ದೃಶ್ಯ ದೃಶ್ಯಕ್ಕೂ ಅಳತೆ ಬದಲಾಗುತ್ತದಲ್ಲ, ಹಾಗಾಗಿಯೇ ಒಮ್ಮೆ ಹೀಗೆ ಒಮ್ಮೆ ಹಾಗೆ. ತಪ್ಪು ಡಾಲ್ಬಿಯದು. ಹೊಸ ತಂತಿ ತಂದ. ಸೆಟ್ಟಿಂಗ್ ಬದಲಿಸಿದ. ಎಲ್ಲವನ್ನೂ ಅಳಿಸಿ ಮೊದಲಿನಂತೆ ಮಾಡಿದ.

“ಒಮ್ಮೆ ಜಮಖಂಡಿಗೆ ಹೋಗಿ ಕಣ್ಣು ತೋರಿಸ್ಕೊಂಡ ಬರ್ರಿ,” ಎಂದಳು ಗಂಗಾಂಬಿಕಾ.

“ಕಣ್ಣಿಗೇನಾಗೇತಿ? ಸೂಜಿಗೆ ದಾರ ಪೋಣಸ್ತೀನಿ ಇನ್ನೂ.”

“ಸೂಜಿ ಬ್ಯಾರೆ, ಬಣ್ಣ ಬ್ಯಾರೆ ಅಂತ ನೀವ ಹೇಳ್ತಿದ್ರಿ.”

ಶ್ರಾವಣದಲ್ಲಿ ಅವನು ಹೊಂದಿಸಿದ ಹಸಿರು ನೂಲಿನ ಸೀರೆಗಳು ಪಟ್ಟಿ ಬಿದ್ದು ಮರಳಿ ಬಂದವು. ಶಿದ್ರಾಮಪ್ಪ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. “ಮಾಸ್ತರ, ಇನ್ನೊಮ್ಮೆ ಹಿಂಗಾದ್ರ ನಾ ಇಚಲಕರಂಜಿಯಿಂದ ಬಣ್ಣ ಹಾಕಿದ್ದ ನೂಲ ತರಸ್ತೀನ್ರಿ. ಅಲ್ಲಿ ಮಷಿನ್ ನೋಡತೈತಿ,” ಎಂದಷ್ಟೇ ಹೇಳಿದರು. ಈಗ ನವಿಲುಗೊರಳ ನೀಲಿಯ ಎರಡನೇ ಕಂತು. ನಿನ್ನೆ ಲಡಿ ಎತ್ತಿ ಬಾಗಿಲ ಬೆಳಕಿಗೆ ಹಿಡಿದು, ಎಡಗಣ್ಣಿನಿಂದ ನೋಡಿ, “ಹೊಂದೇತ್ರಿ” ಎಂದಿದ್ದ. ಮನೆಗೆ ಬಂದ ಮೇಲೆ ಆ ಮಾತಿನ ಮೇಲೆ ಅವನಿಗೇ ನಂಬಿಕೆ ಉಳಿಯಲಿಲ್ಲ.

ಅದಕ್ಕೇ ತನಗೆ ಸೂಟಿ, ವಾರದ ರಜೆ ಇದ್ದ ಆ ದಿನ ಮಹಾಲಿಂಗಪುರದ ಬಸ್ಸು ಹತ್ತಿದ. ಬಾಳಾಸಾಹೇಬನ ಟಿವಿಯಲ್ಲಿ ಅದೇ ಕಡಲನ್ನು ನೋಡುವುದು. ಅಲ್ಲಿ ನೀರು ನೀಲಿಯಾಗಿದ್ದರೆ ದೋಷ ತನ್ನ ಟಿವಿಯದು, ನೂಲು ನಿಶ್ಚಿಂತೆಯಿಂದ ಮಗ್ಗ ಏರಬಹುದು. ಬಸ್ಸಿನ ಕಿಟಕಿಯಾಚೆ ಆಕಾಶವಿತ್ತು. ಅವನು ಅದನ್ನು ಪರೀಕ್ಷಿಸಲು ಹೋಗಲಿಲ್ಲ. ಆಕಾಶಕ್ಕೆ ಯಾವ ಪಂಥವೂ ಇಲ್ಲ, ಅದು ಮಂಕಾಗಿ ಕಂಡರೆ ಯಾರನ್ನು ದೂರುವುದು?

“ಡಾಲ್ಬಿ ಬಿಟ್ಟು ನಮ್ಮ ಗುಡಿಗೆ ಬಂದೀಪಾ ಕಡೀಕೆ!” ಎಂದು ಬಾಳಾಸಾಹೇಬ ಬಾಗಿಲಲ್ಲೇ ನಕ್ಕ. ಕೋಣೆ ಕತ್ತಲು ಮಾಡಿ ಕಡಲು ಹಚ್ಚಿದ. ಯಲ್ಲಾಲಿಂಗ ಮುಂದೆ ಬಾಗಿದ. ಬಲಗಣ್ಣು ಮುಚ್ಚಿತು. ನೀರು ಬೂದಿ ಕದಡಿದಂತೆ ಕಂಡಿತು. ಅದೇ ಹಳದಿ, ಅದೇ ಹತ್ತಿಯಂಥ ಬೆಳಕು.

ಅಷ್ಟರಲ್ಲಿ ಬಾಳಾಸಾಹೇಬನ ಹೆಂಡತಿ ಶೇವಂತಿ ಮಿರ್ಚಿ ಭಜಿಯ ತಾಟು ತಂದಿಟ್ಟಳು. “ಬಿಸಿ ಇದ್ದಾಗ ತಿನ್ರಿ ಅಣ್ಣಾರ. ಮೆಣಸಿನಕಾಯಿ ಸ್ವಲ್ಪ ಖಾರ ಅದಾವ್ರಿ.”

“ಇರಲಿ ಬಿಡ್ರಿ ವೈನಿ,” ಎಂದು ಒಂದನ್ನು ಮುರಿದ. ಬಾಯಿಗೆ ರುಚಿ ತಿಳಿಯಲಿಲ್ಲ. ಕಣ್ಣಿನ ಮಂಜು ಹೋದೀತೇನೋ ಎಂಬಂತೆ ಅದೇ ಬೆರಳಿನಿಂದ ಎಡಗಣ್ಣು ಉಜ್ಜಿದ.

“ಅವ್ವಾ!”

ಕಣ್ಣಿನಲ್ಲಿ ಕೆಂಡ ಬಿದ್ದಂತಾಯಿತು. ಶೇವಂತಿ ನೀರು ತರಲು ಓಡಿದಳು. ಬಾಳಾಸಾಹೇಬ ಹೊಟ್ಟೆ ಹಿಡಿದುಕೊಂಡು ನಕ್ಕ. ಯಲ್ಲಾಲಿಂಗ ಎಡಗಣ್ಣನ್ನು ಟವೆಲಿನಿಂದ ಒತ್ತಿ ಹಿಡಿದು, ನೀರು ಸುರಿಯುವ ಮುಖವನ್ನು ಮೇಲೆತ್ತಿದ.

ಎದುರಿಗೆ ಕಡಲಿತ್ತು. ನವಿಲಿನ ಕೊರಳಿನಷ್ಟು ನೀಲಿ. ತೆರೆಯ ಅಂಚಿನಲ್ಲಿ ಅಚ್ಚ ಬಿಳಿ ನೊರೆ. ಸೂರ್ಯ ದುಂಡಗೆ, ಸುತ್ತ ಯಾವ ಹತ್ತಿಯೂ ಇಲ್ಲದೆ ಇದ್ದ.

“ನೋಡಿದಿ? ಪ್ಲಸ್ ಅಂದ್ರ ಪ್ಲಸ್!” ಎಂದ ಬಾಳಾಸಾಹೇಬ.

ಆ ಮಾತನ್ನು ಹಿಡಿದುಕೊಂಡು ನೆಮ್ಮದಿಯಾಗಿ ಮನೆಗೆ ಹೋಗಬಹುದಿತ್ತು. ಒಂದು ಗಳಿಗೆ ಅವನಿಗೂ ಹಾಗೇ ಅನಿಸಿತು. ಆದರೆ ಕೈ ಸುಮ್ಮನಿರಲಿಲ್ಲ. “ಇದನ್ನ ನಿಂದ್ರಸು ಬಾಳಾ. ಹಿಂಗ ಇರಲಿ,” ಎಂದ. ಬಾಳಾಸಾಹೇಬ ರಿಮೋಟ್ ಒತ್ತಿದ. ತೆರೆ ಎದ್ದಲ್ಲೇ ನಿಂತಿತು. ಈಗ ದೃಶ್ಯ ಬದಲಾಗುವಂತಿರಲಿಲ್ಲ, ಅಳತೆಯೂ ಬದಲಾಗುವಂತಿರಲಿಲ್ಲ. ಶೇವಂತಿ ತಂದ ನೀರಿನಿಂದ ಕಣ್ಣು ತೊಳೆದು, ಉರಿ ಇಳಿಯುವವರೆಗೆ ಕಾದ. ಎಡಗಣ್ಣು ತೆರೆದು ಬಲಗಣ್ಣು ಮುಚ್ಚಿದ: ಬೂದಿ. ಬಲಗಣ್ಣು ತೆರೆದು ಎಡಗಣ್ಣು ಮುಚ್ಚಿದ: ನೀಲಿ. ಮತ್ತೆ ಬೂದಿ. ಮತ್ತೆ ನೀಲಿ.

“ಏನಲೇ, ಟಿವಿಗೂ ಕಣ್ಣು ಹೊಡ್ಯಾಕತ್ತಿ?” ಎಂದ ಬಾಳಾಸಾಹೇಬ. ಅವನ ಮುಖ ನೋಡಿ ನಗು ಅರ್ಧಕ್ಕೆ ನಿಲ್ಲಿಸಿದ. “ಯಲ್ಲಾ, ಏನಾತು?”

“ನಿಂದೂ ಛಲೋ ಐತಿ ಬಾಳಾ. ನಂದೂ ಛಲೋ ಐತಿ. ಟಿವಿ ಎರಡೂ ಛಲೋ ಅದಾವು.”

ನೂಲು ಮಗ್ಗ ಏರದಂತೆ ತಡೆಯಲು ಸಾವಕಾರರಿಗೆ ಫೋನು ಹಚ್ಚಿದ. ಗಂಟೆ ಬಾರಿಸಿ ಬಾರಿಸಿ ನಿಂತಿತು. ಮಗ್ಗದ ಸದ್ದಿನಲ್ಲಿ ಅವರಿಗೆ ಎಂದೂ ಕೇಳುವುದಿಲ್ಲ. ಬಾಳಾಸಾಹೇಬ ಗಾಡಿಯ ಕೀಲಿ ತೆಗೆದುಕೊಂಡ. ದಾರಿಯುದ್ದಕ್ಕೂ ಹಿಂದೆ ಕೂತ ಯಲ್ಲಾಲಿಂಗ ಎಡಗಣ್ಣು ಮುಚ್ಚಿಯೇ ಇದ್ದ. ಕಬ್ಬಿನ ಗರಿ ಇಷ್ಟು ಹಸಿರಿತ್ತೇ? ಇಷ್ಟು ದಿನ ಎಷ್ಟು ನೂಲು, ಎಷ್ಟು ಹೆಂಗಸರ ಮೈಮೇಲಿನ ಸೀರೆ ತನ್ನ ಬಾಯಿಂದ “ಹೊಂದೇತ್ರಿ” ಎನಿಸಿಕೊಂಡಿತ್ತು? ಮುದಕಪ್ಪನ ಅಂಗೈ ಇನ್ನೂ ಬಲಗಣ್ಣಿನ ಮೇಲೆ ಬೆಚ್ಚಗೆ ಕೂತಂತಿತ್ತು. ಅದನ್ನು ಸರಿಸುವುದಕ್ಕೆ ಅವನಿಗೆ ಸಂಕಟವಾಯಿತು.

ಸಾವಕಾರರ ಮಗ್ಗದ ಶೆಡ್ಡಿನಲ್ಲಿ ನೂಲನ್ನು ಸುತ್ತಲು ಅಣಿ ಮಾಡುತ್ತಿದ್ದರು. ಮೊದಲ ಕಂತಿನದೊಂದು, ನಿನ್ನೆಯದೊಂದು ಲಡಿ ಎತ್ತಿಕೊಂಡು ಯಲ್ಲಾಲಿಂಗ ಬಾಗಿಲಿಗೆ ಬಂದ. ಸಂಜೆಯ ಬಿಸಿಲು ಇನ್ನೂ ಹೊಸ್ತಿಲ ಮೇಲಿತ್ತು. ಎಡಗಣ್ಣಿಗೆ ಎರಡೂ ಒಂದೇ. ಬಲಗಣ್ಣಿಗೆ ಒಂದು ನವಿಲಿನ ಕೊರಳು, ಇನ್ನೊಂದು ಸಾಲಿ ಹುಡುಗರ ಶಾಯಿ.

ಶಿದ್ರಾಮಪ್ಪ ಹತ್ತಿರ ಬಂದರು. “ಯಾಕ್ರೀ ಮಾಸ್ತರ, ಸೂಟಿ ದಿನ? ಸುತ್ತಾಕ ಕೊಡೂದಲ್ಲರೀ?”

ಇಲ್ಲ ಎಂದರೆ ಇಚಲಕರಂಜಿ. ಹೌದು ಎಂದರೆ ಇಂದು ರಾತ್ರಿಯ ಮಟ್ಟಿಗಂತೂ ಕೆಲಸ ಉಳಿಯುತ್ತದೆ. ಮಗ್ಗಗಳು ಬಡಿಯುತ್ತಲೇ ಇದ್ದವು. ಒಂದು ಸಣ್ಣ ಸುಳ್ಳು ಆ ಸದ್ದಿನಲ್ಲಿ ಯಾರಿಗೂ ಕೇಳದಂತೆ ಮುಳುಗಿ ಹೋಗುತ್ತಿತ್ತು. ಅವನು ದನಿ ಏರಿಸಿದ.

“ಕೊಡಬ್ಯಾಡ್ರೀ ಸಾವಕಾರ್ರ! ಎರಡೂ ಹೊಂದಿಲ್ಲ. ನನ್ನ ಎಡಗಣ್ಣು ಕೆಟ್ಟೈತ್ರಿ.”

ಶಿದ್ರಾಮಪ್ಪ ಅವನನ್ನೂ ಲಡಿಗಳನ್ನೂ ನೋಡಿದರು. ಕೈ ಎತ್ತಿ ಸುತ್ತುವವರನ್ನು ತಡೆದರು. ಆ ಕೈ ಇಳಿಯುವ ಮೊದಲೇ ಯಲ್ಲಾಲಿಂಗ ಎರಡೂ ಲಡಿಗಳನ್ನು ಹೆಗಲಿಗೆ ಹಾಕಿಕೊಂಡು ಬಣ್ಣದ ಮನೆಯ ಕಡೆ ತಿರುಗಿದ್ದ.

“ಬೆಳಕಿರೂತನಕ ಬಲಗಣ್ಣೀಲೆ ಒಂದು ಕಡಾಯಿ ತಗದು ನೋಡ್ತೀನ್ರಿ, ನಾಳೆ ಜಮಖಂಡಿಗೆ ಹೋಗಿ ಡಾಕ್ಟರಿಗೆ ತೋರಿಸ್ತೀನ್ರಿ. ಅವರು ಕಣ್ಣು ಸರಿ ಆಗಂಗಿಲ್ಲ ಅಂದ್ರ ನೀವು ನನ್ನ ಬಿಟ್ಟು ಇಚಲಕರಂಜಿಗೆ ಹೇಳ್ರಿ.”