ಇಳಿಯುವಾಗಿನ ತೂಕ

ವಿಮಾನದ ಶೆಡ್ಡಿನಲ್ಲಿ ಅವನನ್ನು ಎಲ್ಲರೂ ತಕ್ಕಡಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಆರು ಜನ ಕೂರುವ ಪುಟ್ಟ ವಿಮಾನಗಳ ರಿಪೇರಿ ಅವನ ಕೆಲಸ. ಹತ್ತುವವರನ್ನು ತೂಗುವುದು ಅವನ ಹಟ. ಬಾಯಿಮಾತಿನ ತೂಕವನ್ನು ಇಪ್ಪತ್ತಾರು ವರ್ಷಗಳಲ್ಲಿ ಒಮ್ಮೆಯೂ ನಂಬಿದವನಲ್ಲ. "ಎಪ್ಪತ್ತೇ ಕೆಜಿ" ಎಂದು ಹೊಟ್ಟೆ ಒಳಗೆಳೆದು ನಿಂತ ದೊಡ್ಡ ಮನುಷ್ಯರನ್ನೂ ಬೂಟು, ಚೀಲದ ಸಮೇತ ತಕ್ಕಡಿ ಹತ್ತಿಸಿ ಮುಖಭಂಗ ಮಾಡಿದ್ದ.

ಆ ವರ್ಷ ರೋಗಿಗಳನ್ನು ಸಾಗಿಸುವ ವಿಮಾನದ ರೆಕ್ಕೆಗಳಿಗೆ ಹೊಸ ತುದಿಗಳನ್ನು ಜೋಡಿಸಿದರು. ಏರುವಾಗ ತೊಂಬತ್ತು ಕೆಜಿ ಹೆಚ್ಚು ಹೊರಬಹುದೆಂದು ಕಾಗದವೂ ಬಂತು. ಚಕ್ರದ ಕಾಲುಗಳು ಮಾತ್ರ ಹಳೆಯವೇ. ಗಟ್ಟಿ ಕಾಲುಗಳು ಇನ್ನೂ ಬಂದಿರಲಿಲ್ಲ. ಹಾಗಾಗಿ ಇಳಿಯುವ ತೂಕದ ಮಿತಿ ಗುಂಜಿಯಷ್ಟೂ ಏರಿರಲಿಲ್ಲ. ದೂರ ಹೋದರೆ ಇಂಧನ ಉರಿದು ಭಾರ ತಗ್ಗುತ್ತದೆ. ಹತ್ತಿರದ ಊರಾದರೆ ಹೊತ್ತದ್ದನ್ನು ಹೊತ್ತುಕೊಂಡೇ ಇಳಿಯಬೇಕು.

"ರೆಕ್ಕೆ ಹೊರುತ್ತೆ ಸರಿ, ಕಾಲು ತಡೀಬೇಕಲ್ಲ" ಎಂದು ದಿನವೂ ಪೈಲಟಮ್ಮನ ತಲೆ ತಿನ್ನುತ್ತಿದ್ದ.

ಸಾಗಿಸಬೇಕಾದ ರೋಗಿ ಅವನ ಅಕ್ಕನೇ ಆದಾಗ ಆ ಮಾತು ಅವನ ಬುಡಕ್ಕೇ ಬಂತು. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ದೊಡ್ಡಾಸ್ಪತ್ರೆಗೆ ಮುಕ್ಕಾಲು ಗಂಟೆಯ ಹಾರಾಟ. ಹೋದ ದಿನ ಸಂಜೆಯೇ ಆಪರೇಷನ್. ಬದುಕುವಳೋ ಇಲ್ಲವೋ, ಡಾಕ್ಟರೂ ಹೇಳಲಾರರು. "ಆಗ ನೀನು ಪಕ್ಕದಲ್ಲಿರು, ನಂಗಷ್ಟೇ ಸಾಕು" ಎಂದಿದ್ದಳು.

ಹಿಂದಿನ ದಿನವೇ ಅವನು ಲೆಕ್ಕ ಹಾಕಿದ. ಆಸ್ಪತ್ರೆಯ ಚೀಟಿಯ ಪ್ರಕಾರ ಅಕ್ಕ ಐವತ್ತೆಂಟು ಕೆಜಿ. ಸ್ಟ್ರೆಚರ್, ಆಕ್ಸಿಜನ್ ಸಿಲಿಂಡರ್, ನರ್ಸು, ಪೈಲಟಮ್ಮ, ಇಂಧನ, ಕೊನೆಗೆ ತಾನು. ಇಳಿಯುವ ಹೊತ್ತಿಗೆ ಮಿತಿಗಿಂತ ಹದಿನೈದು ಕೆಜಿ ಹೆಚ್ಚು.

"ಹದಿನೈದು ತಾನೇ? ಮೆತ್ತಗೆ ಇಳಿಸ್ತೀನಿ ಬಿಡಿ" ಎಂದಳು ಪೈಲಟಮ್ಮ.

"ಊರಿಗೊಂದು ನ್ಯಾಯ, ನನಗೊಂದಾ?" ಎಂದು ತನ್ನ ಹೆಸರನ್ನು ತಾನೇ ಹೊಡೆದುಹಾಕಿದ. ಬಸ್ಸು ಹಿಡಿದರೆ ತಲುಪುವುದು ಆಪರೇಷನ್ ಮುಗಿದ ಮೇಲೆ. ಅಕ್ಕನಿಗೆ ಹೇಗೆ ಹೇಳುವುದೆಂದು ತಿಳಿಯದೆ ಒಳಗೊಳಗೇ ಕುದಿದ.

ಬೆಳಿಗ್ಗೆ ಅವಳನ್ನು ಸ್ಟ್ರೆಚರ್ ಸಮೇತ ತಕ್ಕಡಿಗೇರಿಸಿದರು. ಸ್ಟ್ರೆಚರಿನ ತೂಕ ಕಳೆದ. ಮೂವತ್ತೊಂಬತ್ತು ಉಳಿಯಿತು. ತಕ್ಕಡಿ ಕೆಟ್ಟಿರಬೇಕೆಂದು ತಾನೇ ಹತ್ತಿ ನೋಡಿದ, ಸರಿಯಾಗಿಯೇ ಇತ್ತು. ಚೀಟಿ ಆರು ತಿಂಗಳ ಹಿಂದಿನದು. ಯಾರ ಮಾತನ್ನೂ ನಂಬದ ಮನುಷ್ಯ ಸ್ವಂತ ಅಕ್ಕನ ವಿಷಯದಲ್ಲಿ ಒಂದು ಕಾಗದವನ್ನು ನಂಬಿಬಿಟ್ಟಿದ್ದ. ದಿನವೂ ಹೊದಿಕೆ ಸರಿಮಾಡುತ್ತಿದ್ದವನಿಗೆ ಅದರಡಿ ಅವಳು ಕರಗಿಹೋದದ್ದು ಕಂಡಿರಲಿಲ್ಲ.

"ನೀವು ಹತ್ತಿದ್ರೂ ಇನ್ನೂ ನಾಲ್ಕು ಕೆಜಿ ಮಿಕ್ಕುತ್ತೆ, ಹತ್ತಿ" ಎಂದಳು ಪೈಲಟಮ್ಮ, ಮೆಲ್ಲಗೆ.

ಅವನು ಎಲ್ಲರೆದುರೇ ಅತ್ತುಬಿಟ್ಟ. ಅಕ್ಕ ಹೊದಿಕೆಯಿಂದ ಕೈ ಹೊರಚಾಚಿ ಅವನ ಮಣಿಕಟ್ಟು ಹಿಡಿದಳು.

"ಯಾಕೋ ಅಳ್ತೀಯ, ಹುಚ್ಚಪ್ಪ? ನಿಂಗೆ ಜಾಗ ಆಯ್ತಲ್ಲ."