ಪಕ್ಕದ ಮನೆಯ ಬಾಯಿ

ಅವಳನ್ನು ಬೀದಿಯವರೆಲ್ಲ ಗಂಟಲಕ್ಕ ಎಂದೇ ಕರೆಯುವುದು. ಗಿರಣಿಯ ಮುಷ್ಕರ ನಡೆಯುತ್ತಿದ್ದಾಗ ಬಾಡಿಗೆ ಬಾಕಿಯಾಯಿತೆಂದು ಮೈಕಿನವನು ಮೈಕು ಕಿತ್ತುಕೊಂಡು ಹೋದ. ಇವಳು ಗೇಟಿನ ಪಕ್ಕದ ಕಟ್ಟೆ ಹತ್ತಿ ನಿಂತು ಕೂಗಿದ್ದು ಮಾಲೀಕನ ಮಹಡಿ ಕೋಣೆಗೂ ಕೇಳಿಸಿತು. ಮಾಲೀಕ ಎದ್ದು ಬಂದು ಕಿಟಕಿ ಹಾಕಿಕೊಂಡ. ಮುಷ್ಕರ ಸೋತಿತು, ಗಿರಣಿ ಮುಚ್ಚಿತು, ಆ ಜಾಗದಲ್ಲಿ ಗೋದಾಮು ಎದ್ದಿತು. ಹೆಸರು ಮಾತ್ರ ಅವಳಿಗೆ ಅಂಟಿಕೊಂಡಿತು.

ಆ ಸೋಲಿನಿಂದ ಉಳಿದ ಇನ್ನೊಂದು ವಸ್ತುವೆಂದರೆ ಬ್ಯಾಂಕು. ಕೆಲಸ ಹೋದಾಗ ಕೈಗೆ ಬಂದ ಪುಡಿಗಾಸು ಬಡ್ಡಿಯವರ ಹೊಟ್ಟೆ ಸೇರಬಾರದೆಂದು ಬೀದಿಯವರೇ ಕಟ್ಟಿಕೊಂಡದ್ದು. ಶುರುವಾದದ್ದು ಸೈಕಲ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಒಂದು ಮೇಜು ಒಂದು ಕಬ್ಬಿಣದ ಪೆಟ್ಟಿಗೆ ಇಟ್ಟುಕೊಂಡು. ಈಗ ಗಾಜಿನ ಬಾಗಿಲು, ಟೋಕನ್ ಕೊಡುವ ಯಂತ್ರ ಇವೆ, ಟೈ ಕಟ್ಟಿದ ಮ್ಯಾನೇಜರ್ ಇದ್ದಾನೆ. ಆದರೂ ಬ್ಯಾಂಕು ಬೀದಿಯದೇ. ವರ್ಷಕ್ಕೊಮ್ಮೆ ಸದಸ್ಯರ ಸಭೆ ಸೇರುತ್ತದೆ. ಲಾಭದಲ್ಲಿ ಒಂದು ಪಾಲು ಬೀದಿಗೆ ವಾಪಸು ಹೋಗಬೇಕು. ವರ್ಷಕ್ಕೆ ಒಂದೇ ಕೆಲಸ. ಯಾವುದೆಂದು ಕೈ ಎತ್ತಿ ತೀರ್ಮಾನ. ಶಾಲೆಯ ಪಾಯಿಖಾನೆಗೆ ಛಾವಣಿ ಬಂದದ್ದು ಹಾಗೆ. ಕಿವಿ ಕೇಳದ ಹುಡುಗಿಗೆ ಯಂತ್ರ ಬಂದದ್ದೂ ಹಾಗೆಯೇ.

ಈ ಪಾಲಿಗೆ ಒಂದು ವಿಚಿತ್ರ ನಿಯಮವಿದೆ. ತನಗೆ ಬೇಕೆಂದು ಯಾರೂ ಕೇಳುವಂತಿಲ್ಲ, ತನ್ನ ಮನೆಯವರಿಗೆಂದೂ ಕೇಳುವಂತಿಲ್ಲ. ನೆರೆಯವರು ಎದ್ದು ಕೇಳಬೇಕು. ಯಾರ ಪರವಾಗಿ ಮಾತು ಬಂತೋ ಅವರಾಗಲಿ ಅವರ ಮನೆಯವರಾಗಲಿ ತುಟಿ ಬಿಚ್ಚಬಾರದು, ಕೈಯನ್ನೂ ಎತ್ತಬಾರದು.

ನಿಯಮ ಮಾಡಿದವಳು ಗಂಟಲಕ್ಕನೇ. ಮುಷ್ಕರದ ಕಾಲದಲ್ಲಿ ಅಕ್ಕಿ ಹಂಚಿದ್ದನ್ನು ಕಣ್ಣಾರೆ ಕಂಡವಳು ಅವಳು. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಎನ್ನುವ ಮಾತು ಅಲ್ಲಿ ನಿಜವಾಯಿತು. ಗದ್ದಲ ಎಬ್ಬಿಸಿದವರು ಎರಡೆರಡು ಸಲ ಚೀಲ ತುಂಬಿಸಿಕೊಂಡು ಹೋದರು. ಒಲೆ ಹಚ್ಚದ ಮನೆಯವರು ಬಾಗಿಲು ಎಳೆದುಕೊಂಡು ಒಳಗೇ ಕೂತರು. ಅದಕ್ಕೇ ಬ್ಯಾಂಕು ಕಟ್ಟಿದ ದಿನ ಅವಳು ಹಟ ಹಿಡಿದಳು: "ಹಸಿದವನಿಗೆ ನಾಚಿಕೆ, ಹೊಟ್ಟೆ ತುಂಬಿದವನಿಗೆ ಬಾಯಿ. ಈ ಲೆಕ್ಕ ಇಲ್ಲಿ ಬೇಡ. ಪಕ್ಕದ ಮನೇಲಿ ಒಲೆ ಉರೀತಾ ಇದೆಯೋ ಇಲ್ವೋ ನೋಡ್ದೆ ಇರೋನಿಗೆ ಇಲ್ಲಿ ಮೆಂಬರಾಗೋ ಯೋಗ್ಯತೇನೇ ಇಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಆ ನಿಯಮ ಒಂದು ದಿನ ತನ್ನ ಮನೆಯ ಮೆಟ್ಟಿಲಿಗೇ ಬಂದು ಕೂರುತ್ತದೆಂದು ಅವಳಿಗೆ ಆಗ ಹೊಳೆದಿರಲಿಲ್ಲ.

ಮನೆ ಇರುವುದು ಮಹಡಿಯ ಮೇಲೆ. ಕೆಳಗೆ ಇಸ್ತ್ರಿ ಅಂಗಡಿ, ಪಕ್ಕದಲ್ಲಿ ಹೊರಗಿನಿಂದಲೇ ಹತ್ತುವ ಕಡಿದಾದ ಮೆಟ್ಟಿಲು. ಒಂದು ಬದಿಗೆ ಗೋಡೆ, ಇನ್ನೊಂದು ಬದಿಗೆ ಏನೂ ಇಲ್ಲ. ಅವಳ ಗಂಡ ಬಡಗಿ. ಇಡೀ ಬೀದಿಯ ಬಾಗಿಲು ಕಿಟಕಿಗಳಲ್ಲಿ ಅವನ ಕೈ ಬೀಳದ್ದು ಕಡಿಮೆ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಬಲಗಾಲು ಸೋತವು. ಆಸ್ಪತ್ರೆಯಿಂದ ನಾಲ್ಕು ಜನ ಹೊತ್ತು ಮೇಲಕ್ಕೆ ತಂದು ಮಲಗಿಸಿದರು. ಆಮೇಲೆ ಕೋಲು ಹಿಡಿದು ಮನೆಯೊಳಗೆ ಓಡಾಡುವಷ್ಟಾದ. ಬೀದಿಗೆ ಮಾತ್ರ ಇಳಿದಿಲ್ಲ.

"ಕಾಗೆಗಳ ಪರಿಚಯ ಚೆನ್ನಾಗಾಯ್ತು ಕಣೇ," ಎನ್ನುತ್ತಿದ್ದ ಕಿಟಕಿಯಲ್ಲಿ ಕೂತು. "ಮನುಷ್ಯರ ತಲೆ ಮಾತ್ರ ಕಾಣುತ್ತೆ ಇಲ್ಲಿಂದ. ಯಾರ್ಯಾರಿಗೆ ಬೋಳಾಗಿದೆ ಕೇಳು, ಹೇಳ್ತೀನಿ."

ನಗಿಸುತ್ತಲೇ ಇದ್ದ. ಆದರೆ ಇತ್ತೀಚೆಗೆ ಊಟ ಕಡಿಮೆಯಾಗಿತ್ತು. ಸಂಜೆಯಾದರೆ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದ. ಹೀಗೇ ಬಿಟ್ಟರೆ ಇವನು ಈ ಮಂಚದಲ್ಲೇ ಒಣಗಿ ಹೋಗುತ್ತಾನೆ ಎಂಬುದು ಗಂಟಲಕ್ಕನಿಗೆ ಗೊತ್ತಿತ್ತು. ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿ ಬೇಕಿತ್ತು, ಅಷ್ಟೇ. ಮನೆ ಮಾಲೀಕ ಫೋನಿನಲ್ಲಿ, "ಬೇಕಾದ್ರೆ ನೀವೇ ಹಾಕಿಸ್ಕೊಳ್ಳಿ, ನನ್ನದೇನೂ ಅಡ್ಡಿಯಿಲ್ಲ," ಎಂದು ದೊಡ್ಡ ಉಪಕಾರ ಮಾಡಿದವನಂತೆ ಹೇಳಿದ. ಗೋದಾಮಿನಲ್ಲಿ ಅರ್ಧ ದಿನ ಚೀಲ ಹೊಲಿದು ತರುವುದರಲ್ಲಿ ಬಾಡಿಗೆ, ಮಾತ್ರೆ ಕಳೆದರೆ ಉಪ್ಪಿಗೆ ಸಾಕಾದರೆ ಹೆಚ್ಚು.

ಬ್ಯಾಂಕಿನ ಪಾಲು ಇತ್ತು. ಆದರೆ ಬೇರೆಯವರು ಕೇಳಬೇಕು. ಪಕ್ಕದ ಮನೆ ಎಂದರೆ ಕೆಳಗಿನ ಅಂಗಡಿಯ ಇಸ್ತ್ರಿಯವಳು. ಇಸ್ತ್ರಿಯವಳಿಗೂ ಗಂಟಲಕ್ಕನಿಗೂ ಮಾತು ಬಿಟ್ಟು ಐದಾರು ವರ್ಷ. ಅದಕ್ಕೂ ಕಾರಣ ಇದೇ ನಿಯಮ. ಹಿಂದೊಂದು ಸಭೆಯಲ್ಲಿ ಇಸ್ತ್ರಿಯವಳು ಎದ್ದು ತನ್ನ ನಾದಿನಿಯ ಆಪರೇಷನ್ನಿಗೆ ಕೇಳಿದ್ದಳು. "ನಾದಿನಿ ಅಂದ್ರೆ ಮನೆಯವಳೇ. ಕೂತ್ಕೊಳ್ಳಮ್ಮಾ," ಎಂದು ಗಂಟಲಕ್ಕ ಎಲ್ಲರೆದುರು ಬಾಯಿ ಮುಚ್ಚಿಸಿದ್ದಳು. ಆ ನಾದಿನಿ ಪರವಾಗಿ ಇನ್ಯಾರಾದರೂ ಎದ್ದಾರೆಂದು ಕಾದದ್ದೂ ಆಯಿತು, ಯಾರೂ ಏಳಲಿಲ್ಲ. ಆಪರೇಷನ್ನಿಗೆ ಇಸ್ತ್ರಿಯವಳು ಬಳೆ ಮಾರಿದಳು. ಅಂದಿನಿಂದ ಏನಿದ್ದರೂ ಇಸ್ತ್ರಿಪೆಟ್ಟಿಗೆಯ ಜೊತೆ ಮಾತು. "ಕೆಲವರಿಗೆ ರೂಲು ಮುಖ್ಯ, ಮನುಷ್ಯರು ಆಮೇಲೆ," ಎಂದು ಪೆಟ್ಟಿಗೆಗೆ ಹೇಳುತ್ತಾ ಅಂಗಿ ಉಜ್ಜುವಳು. ಮೇಲಿನವಳು ಮೆಟ್ಟಿಲು ಇಳಿಯುತ್ತಾ ಗೋಡೆಗೆ ಉತ್ತರ ಕೊಡುವಳು. ಪೆಟ್ಟಿಗೆಯೂ ಗೋಡೆಯೂ ಹೀಗೆ ವರ್ಷಗಟ್ಟಲೆ ಜಗಳವಾಡಿದವು.

ಹೋಗಿ ಕೇಳಿಕೊಳ್ಳಬಹುದಿತ್ತು. "ನನ್ನ ಗಂಡನಿಗೋಸ್ಕರ ನೀನು ಎದ್ದು ಮಾತಾಡು" ಎಂದು ಹೇಳಿಕೊಟ್ಟು ಏಳಿಸಿದರೆ ನಿಯಮಕ್ಕೆ ಬೆಲೆಯೆಲ್ಲಿ? ಅದೂ ಒಂದು ಕಾರಣ. ಇನ್ನೊಂದು ಕಾರಣ ಬರೀ ಸೊಕ್ಕು. ಎರಡನ್ನೂ ಬಿಡಿಸಿ ನೋಡುವ ಗೋಜಿಗೆ ಅವಳು ಹೋಗಲಿಲ್ಲ.

ಸಭೆಯ ದಿನ ಬಂತು. ಬ್ಯಾಂಕಿನ ಹಾಲಿನಲ್ಲಿ ಕೌಂಟರ್ ಮುಂದೆ ಕುರ್ಚಿ ಹಾಕಿದ್ದರು. ಅಧ್ಯಕ್ಷರು ನಿವೃತ್ತ ಮೇಷ್ಟ್ರು. ಸಭೆಯನ್ನೂ ತರಗತಿಯ ಹಾಗೇ ನಡೆಸುವವರು. ಬೀದಿಯ ಪಾಲಿನ ಮಾತು ಬಂದದ್ದೇ ಗಂಟಲಕ್ಕ ಎದ್ದಳು. ಗೋದಾಮಿನ ಹಿಂದಿನ ಓಣಿಯಲ್ಲಿ ಪ್ಯಾಕಿಂಗ್ ಕೆಲಸದ ಹುಡುಗಿಯರು ಬಾಡಿಗೆಗಿದ್ದಾರೆ, ಸದಸ್ಯರಲ್ಲ. ಓಣಿಯ ತಿರುವಿನಲ್ಲಿ ದೀಪವಿಲ್ಲ. ಪಾಳಿ ಮುಗಿಸಿ ಬರುವಾಗ ಅಲ್ಲಿ ನಿಲ್ಲುವ ಪುಂಡರು ಹುಡುಗಿಯರ ದುಪ್ಪಟ್ಟಕ್ಕೆ ಕೈ ಹಾಕಿದ್ದಾರೆ.

"ಆ ಹುಡುಗೀರು ಓಡ್ಕೊಂಡು ಮನೆ ಸೇರ್ತಾರೆ. ಓಡಿ! ದುಡಿದು ಬರೋ ಹೆಣ್ಣುಮಕ್ಕಳು ಕಳ್ಳರ ಹಾಗೆ ಓಡಬೇಕಾ? ಕಂಬ ಒಂದು, ದೀಪ ಒಂದು. ಅಷ್ಟೂ ಆಗಲ್ವಾ ನಮ್ಮ ಕೈಲಿ?"

ಗಾಜಿನ ಬಾಗಿಲು ಅದುರಿತು. ಕೂತವರ ಬೆನ್ನು ನೆಟ್ಟಗಾಯಿತು. ಮಾತು ಮುಗಿಸಿ ಕೂತಾಗ ಪಾಲು ದೀಪಕ್ಕೇ ಎಂಬುದು ಎಲ್ಲರ ಮುಖದಲ್ಲೂ ಬರೆದಿತ್ತು.

"ಇನ್ಯಾರಾದ್ರೂ?" ಎಂದರು ಮೇಷ್ಟ್ರು, ಕನ್ನಡಕ ತೆಗೆಯುತ್ತಾ.

ಹಿಂದಿನ ಸಾಲಿನಿಂದ ಇಸ್ತ್ರಿಯವಳು ಎದ್ದಳು. "ನಂದೊಂದಿದೆ. ಮೇಲಿನ ಮನೆ ಬಡಗಿಯಣ್ಣಂಗೆ ಮೆಟ್ಟಿಲಿಗೆ ಕಂಬಿ ಬೇಕು."

ಗಂಟಲಕ್ಕ ಕುರ್ಚಿಯಲ್ಲೇ ತಿರುಗಿ, "ಏ, ನಿನ್ನ ಯಾರು..." ಎನ್ನುವಷ್ಟರಲ್ಲಿ ಮೇಷ್ಟ್ರು ಮೇಜು ಕುಟ್ಟಿದರು.

"ಅಕ್ಕ, ನಿಮ್ಮ ಮನೆ ವಿಷಯ ಬಂತು. ನಿಮ್ಮದೇ ನಿಯಮ. ಬಾಯಿ ಮುಚ್ಚಿ."

ಸಭೆಯಲ್ಲಿ ನಗು ಎದ್ದಿತು. ಗಂಟಲಕ್ಕನ ಬಾಯಿ ಮುಚ್ಚಿಸಿದ್ದನ್ನು ಕಾಣಲು ಆ ಬೀದಿ ಬಹಳ ವರ್ಷ ಕಾದಿತ್ತು.

"ಹೋದ ತಿಂಗಳು," ಎಂದಳು ಇಸ್ತ್ರಿಯವಳು, "ಇವರು ಕೆಲಸಕ್ಕೆ ಹೋಗಿದ್ದಾಗ ಅಣ್ಣ ಒಬ್ರೇ ಇಳಿಯೋಕೆ ಹೊರಟಿದ್ರು. ನಿಂತ್ಕೊಂಡು ಆಗ್ಲಿಲ್ಲ, ಕೂತ್ಕೊಂಡು ಚಿಕ್ಕ ಮಕ್ಕಳ ಹಾಗೆ ಜಾರ್ಕೊಂಡು ಬಂದ್ರು. ಅರ್ಧಕ್ಕೆ ಸಿಕ್ಕಾಕ್ಕೊಂಡ್ರು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಲುಂಗಿ ಎಲ್ಲ ಹರಿದುಹೋಗಿತ್ತು. ಕೂಗಲೂ ಇಲ್ಲ ಮನುಷ್ಯ. ಬಿಸಿಲಲ್ಲಿ ಹಾಗೇ ಕೂತಿದ್ರು, ನಾನು ಬಟ್ಟೆ ಕೊಟ್ಟು ವಾಪಸ್ ಬರೋವರೆಗೂ. ಹಿಂದಿನಿಂದ ತಳ್ಳಿ ತಳ್ಳಿ ಮೇಲೆ ಹತ್ತಿಸಿದೆ. ಹೆಂಡ್ತಿಗೆ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡ್ರು. ಹೆಂಡ್ತಿಗೆ ಹೇಳಿಲ್ಲ, ಸಭೆಗೆ ಹೇಳ್ತಾ ಇದೀನಿ."

ಈ ಸಲ ಯಾರೂ ನಗಲಿಲ್ಲ. ಗಂಟಲಕ್ಕ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ನೆಲ ನೋಡುತ್ತಿದ್ದಳು. ಆ ಲುಂಗಿಯನ್ನು ಅವಳೇ ಹೊಲಿದಿದ್ದಳು. ಮಂಚದ ಮೊಳೆಗೆ ಸಿಕ್ಕಿತು ಎಂದಿದ್ದ ಅವನು. ಕೇಳುವ ನಾಚಿಕೆ ತಪ್ಪಿಸಲೆಂದು ಮಾಡಿದ ನಿಯಮ ಇದು. ತನ್ನ ಮನೆಯ ಮಾತನ್ನು ಇನ್ನೊಬ್ಬರ ಬಾಯಲ್ಲಿ, ಊರೆದುರು, ಸುಮ್ಮನೆ ಕೂತು ಕೇಳುವುದಕ್ಕೆ ಎಷ್ಟು ಗಟ್ಟಿತನ ಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳುವವರಿಗೆ ಅವಳು ಬಾಯಿ ತೆರೆಯಲು ಬಿಟ್ಟಿದ್ದಾದರೂ ಯಾವಾಗ?

ಮೇಷ್ಟ್ರಿಗೆ ಎರಡೂ ಕಡೆ ಸಮಾಧಾನ ಮಾಡುವ ಚಾಳಿ. "ಹೀಗೆ ಮಾಡೋಣ. ಗೋಡೆ ಕಡೆ ಒಂದು ಸಣ್ಣ ಕಂಬಿ ಹೊಡೆದುಬಿಡೋಣ. ಉಳಿದದ್ದರಲ್ಲಿ ದೀಪಾನೂ ಆಗಬಹುದು."

"ಮೇಷ್ಟ್ರೇ, ಅಣ್ಣಂಗೆ ಸರಿ ಇರೋದು ಎಡಗೈ. ಹತ್ತುವಾಗ ಗೋಡೆ ಎಡಕ್ಕೆ ಬರುತ್ತೆ, ಸರಿ. ಇಳಿಯುವಾಗ ಬಲಕ್ಕಲ್ವಾ? ಗೋಡೆ ಕಡೆ ಮಾತ್ರ ಹಾಕಿದ್ರೆ ಹತ್ತಬಹುದು. ಇಳಿಯದೇ ಇರೋ ಮನುಷ್ಯ ಹತ್ತೋದು ಎಲ್ಲಿಂದ?"

"ಹಾಗಾದ್ರೆ ಹೊರಗಿನ ಕಡೆ..."

"ಆಗ ಇಳೀತಾರೆ, ಹತ್ತೋಕಾಗಲ್ಲ. ನನ್ನ ಅಂಗಡೀಲೇ ಮಲಗಿಸ್ಕೊಬೇಕಾ? ಇರೋದೇ ಒಂದು ಬೆಂಚು."

ಸಭೆ ಮತ್ತೆ ನಕ್ಕಿತು. ಮೇಷ್ಟ್ರೂ ನಕ್ಕರು. ಆಮೇಲೆ ಯಾರೋ, "ಆದ್ರೂ ಹೆಣ್ಣುಮಕ್ಕಳ ವಿಷಯ, ದೀಪ ದೊಡ್ಡದಲ್ವಾ?" ಎಂದರು. ಹೌದೌದು ಎಂದು ನಾಲ್ಕಾರು ತಲೆಗಳು ಅಲ್ಲಾಡಿದವು.

ಇಸ್ತ್ರಿಯವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ದೊಡ್ಡದೇ. ಇಲ್ಲ ಅಂದೋರು ಯಾರು? ಆದ್ರೆ ಬೀದಿಗೆ ದೀಪ ಹಾಕೋದು ಯಾರ ಕೆಲಸ? ನಗರಸಭೆದು. ತೆರಿಗೆ ತಗೊಳ್ಳಲ್ವಾ ಅವರು? ಅವರು ಕೊಡಬೇಕಾದ್ದನ್ನ ನಾವ್ಯಾಕೆ ನಮ್ಮ ಜೇಬಿಂದ ಕೊಡೋದು? ಅಲ್ಲಿ ಹೋಗಿ ಕೂಗಿದ್ರೆ ಅವರಪ್ಪನೂ ಹಾಕ್ತಾನೆ. ಕೂಗೋಕೆ ಇವರಿಲ್ವಾ? ಈ ಗಂಟಲಿಟ್ಕೊಂಡು ನಮ್ಮ ಬ್ಯಾಂಕಿನ ಗಾಜು ಒಡೆಯೋದ್ಯಾಕೆ? ಬಡಗಿಯಣ್ಣನ ಕಂಬಿಗೆ ಮಾತ್ರ ಕೂಗೋಕೆ ಯಾವ ಆಫೀಸೂ ಇಲ್ಲ. ಯಾರೂ ಕೊಡಬೇಕಾಗಿಲ್ಲ ಅದನ್ನ. ಅದಕ್ಕೇ ನಾವು ಕೊಡಬೇಕು."

ಇಷ್ಟು ಹೇಳಿ ಕೂತುಬಿಟ್ಟಳು. ಮುಖ ಕೆಂಡದಂತಾಗಿತ್ತು.

ಗಂಟಲಕ್ಕನಿಗೆ ಎದ್ದು ನಿಂತು ಎದುರಾಡಬೇಕೆನಿಸಿತು. ಏನೆಂದು ಎದುರಾಡುವುದು? ಇದು ಅವಳದೇ ಮಾತು. ಹಕ್ಕಿನದನ್ನು ಜಗಳವಾಡಿ ಪಡೆಯಬೇಕು, ನಮ್ಮದನ್ನು ನಾವು ಹಂಚಿಕೊಳ್ಳಬೇಕು ಎಂದು ಗಿರಣಿ ಗೇಟಿನಲ್ಲಿ ನೂರು ಸಲ ಹೇಳಿದ್ದಳು. ಬ್ಯಾಂಕು ದೊಡ್ಡದಾದಂತೆ, ವಯಸ್ಸಾಗಿ ತನ್ನ ಕಾಲು ದಣಿದಂತೆ, ನಗರಸಭೆಯ ಬಾಗಿಲಿಗೆ ಹೋಗುವುದು ಬಿಟ್ಟು ಬ್ಯಾಂಕಿನ ಬಾಗಿಲಿಗೇ ಬರುವುದು ಸಲೀಸಾಗಿತ್ತು. ಇಲ್ಲಿ ಯಾರೂ ಕಿಟಕಿ ಹಾಕಿಕೊಳ್ಳುವುದಿಲ್ಲವಲ್ಲ.

ಮೊದಲು ದೀಪಕ್ಕೆ ಕೈ ಕೇಳಿದರು ಮೇಷ್ಟ್ರು. ಎದ್ದವು, ಕಡಿಮೆಯೇನಲ್ಲ. ದೀಪ ಕೇಳಿದವಳು ಅವಳೇ ಆದರೂ ಅವಳ ಕೈ ಏಳುವಂತಿರಲಿಲ್ಲ. ಆಮೇಲೆ ಕಂಬಿಗೆ ಕೇಳಿದರು. ಅದಕ್ಕಿಂತ ಎಷ್ಟೋ ಹೆಚ್ಚು ಕೈ ಎದ್ದವು, ಮ್ಯಾನೇಜರ್ ಎಣಿಸಬೇಕಾಗಲೇ ಇಲ್ಲ.

ಹೊರಗೆ ಜಗಲಿಯ ಮೇಲೆ ಚಪ್ಪಲಿ ಹುಡುಕುತ್ತಿದ್ದ ಇಸ್ತ್ರಿಯವಳ ಎದುರು ಗಂಟಲಕ್ಕ ಹೋಗಿ ನಿಂತಳು. ಸುತ್ತ ಇದ್ದವರು ಜಗಳ ನೋಡಲು ನಿಧಾನಿಸಿದರು.

"ಮನೆ ಮರ್ಯಾದೆ ಹರಾಜು ಹಾಕಿದ್ಯಲ್ಲೇ."

"ಹಾಕಿದೆ. ಏನೀಗ?"

"ನಾದಿನಿ ಹೇಗಿದಾಳೆ?"

ಇಸ್ತ್ರಿಯವಳು ಒಂದು ಚಪ್ಪಲಿ ಮೆಟ್ಟಿ ಇನ್ನೊಂದನ್ನು ಕಾಲಲ್ಲೇ ತಿರುಗಿಸುತ್ತಾ ಅವಳನ್ನು ನೋಡಿದಳು. "ಇಷ್ಟು ವರ್ಷ ಆದ್ಮೇಲೆ ಕೇಳ್ತಾ ಇದೀಯಾ? ಚೆನ್ನಾಗಿದಾಳೆ. ನಿನ್ನ ಬೈತಾಳೆ."

"ಬೈಲಿ ಬಿಡು. ನಾಳೆ ನಗರಸಭೆಗೆ ಹೋಗ್ತೀನಿ, ಆ ಹುಡುಗೀರನ್ನ ಕರ್ಕೊಂಡು. ಬರ್ತೀಯಾ?"

"ನಂಗೆ ಅಂಗಡಿ ಇದೆ," ಎಂದಳು ಇಸ್ತ್ರಿಯವಳು. "ನಿನ್ನಷ್ಟು ಪುರುಸೊತ್ತು ಎಲ್ಲಿ?"

ವೆಲ್ಡಿಂಗ್‌ನವನು ಬಂದು ಎರಡೂ ಕಡೆ ಕಂಬಿ ನಿಲ್ಲಿಸಿದ. ಬಡಗಿ ಕಿಟಕಿಯಿಂದಲೇ, "ಆ ಕಂಬಿಯ ಕಾಲು ವಾಲಿದೆ, ಮಟ್ಟಗೋಲು ಇಟ್ಟು ನೋಡಯ್ಯಾ," ಎಂದು ಅವನ ಪ್ರಾಣ ತಿಂದ. ಬ್ಯಾಂಕಿನ ಹೆಸರು ಬರೆದ ತಗಡು ಹೊಡೆಯಲೇ ಎಂದು ಮ್ಯಾನೇಜರ್ ಕೇಳಿ ಕಳಿಸಿದ. "ಕೊಟ್ಟವರು ಬೀದಿಯವರು, ಬೀದಿಯವರ ಹೆಸರೆಲ್ಲ ಹಿಡಿಸೋ ತಗಡಿದ್ರೆ ತರಲಿ," ಎಂದು ಹೇಳಿ ಕಳಿಸಿದಳು ಗಂಟಲಕ್ಕ.

ಪೇಂಟು ಒಣಗಿದ ದಿನ ಅವಳು ಮನೆಯಲ್ಲಿರಲಿಲ್ಲ. ನಗರಸಭೆಯ ಎಂಜಿನಿಯರ್ ಕೋಣೆಯ ಎದುರು ಹುಡುಗಿಯರನ್ನು ಸಾಲಾಗಿ ಕೂರಿಸಿಕೊಂಡು ಕೂತಿದ್ದಳು. ಅಲ್ಲಿಗೆ ಅದು ಮೂರನೆಯ ಓಡಾಟ. ಎಂಜಿನಿಯರ್ ಮೊದಲು ಮೀಟಿಂಗ್ ಎಂದ, ಆಮೇಲೆ ಊಟ ಎಂದ. ಗಂಟಲಕ್ಕ ಎದ್ದು ನಿಂತು ಒಂದು ಸಲ ಗಂಟಲು ಸರಿಮಾಡಿಕೊಂಡಳು, ಅಷ್ಟೇ; ಹಳೆಯ ಜವಾನನಿಗೆ ಅವಳ ಪರಿಚಯವಿತ್ತು, ಓಡಿಹೋಗಿ ಬಾಗಿಲು ತೆಗೆದ. ಕಂಬ ಮಂಜೂರಾಯಿತು. ದೀಪಕ್ಕೆ ಬೇರೆ ವಿಭಾಗವಂತೆ. ಆ ಜಗಳ ಇನ್ನೂ ನಡೆದಿದೆ.

ಮಧ್ಯಾಹ್ನ ವಾಪಸು ಬಂದಾಗ ಇಸ್ತ್ರಿ ಅಂಗಡಿಯ ಬೆಂಚಿನ ಮೇಲೆ ಗಂಡ ಕೂತಿದ್ದ. ಸೈಕಲ್ ಅಂಗಡಿಯವನೂ ಇನ್ನಿಬ್ಬರೂ ಸುತ್ತ ನಿಂತಿದ್ದರು. ಯಾರದೋ ಮನೆಯ ಬಾಗಿಲು ಮಳೆಗಾಲದಲ್ಲಿ ಯಾಕೆ ಹಿಡಿಯುತ್ತದೆ ಎಂಬ ಬಗ್ಗೆ ದೊಡ್ಡ ವಾದ ನಡೆದಿತ್ತು. ಅವನು ಎಡಗೈ ಆಡಿಸುತ್ತಾ ಎಲ್ಲರನ್ನೂ ಬೈಯುತ್ತಿದ್ದ. ಮುಖದಲ್ಲಿ ಬೆವರು, ಕಾಲಿಗೆ ಧೂಳು. ಹೆಂಡತಿ ಬಂದದ್ದನ್ನು ಓರೆಗಣ್ಣಲ್ಲಿ ನೋಡಿದರೂ ಮಾತು ನಿಲ್ಲಿಸಲಿಲ್ಲ.

"ಯಾವಾಗ ಇಳಿದ್ರಿ?" ಎಂದಳು.

"ನಿನ್ನ ಕೇಳಿ ಇಳೀಬೇಕಿತ್ತಾ? ಹೋಗೇ, ಇಲ್ಲಿ ಮಾತು ನಡೀತಾ ಇದೆ."

ಇಸ್ತ್ರಿಯವಳು ತಲೆ ಎತ್ತಲಿಲ್ಲ, ಅಂಗಿಯ ಕಾಲರು ಒತ್ತುತ್ತಿದ್ದಳು.

ಗಂಟಲಕ್ಕ ಮೇಲೆ ಹೋದಳು. ಬಾಗಿಲು ತೆರೆದೇ ಇತ್ತು. ಮಂಚ ಖಾಲಿ, ಹೊದಿಕೆ ನೆಲದ ಮೇಲೆ. ಕೆಮ್ಮಿಲ್ಲ, ನೀರು ಕೊಡು ಎನ್ನುವವರಿಲ್ಲ. ಎರಡು ವರ್ಷದಲ್ಲಿ ಆ ಮನೆಯಲ್ಲಿ ಅವಳೊಬ್ಬಳೇ ಇದ್ದದ್ದು ಅದೇ ಮೊದಲು. ಸುಮ್ಮನೆ ನಡುಮನೆಯಲ್ಲಿ ನಿಂತಳು. ಮಾಡಲು ಕೆಲಸ ಬೇಕಾದಷ್ಟಿತ್ತು. ಒಂದನ್ನೂ ಮುಟ್ಟದೆ, ಕೈಕಾಲು ಉದ್ದಕ್ಕೆ ಚಾಚಿ ತಣ್ಣನೆಯ ನೆಲದ ಮೇಲೆ ಮಲಗಿದಳು. ಬೀದಿಯ ಗಲಾಟೆ ಕೇಳುತ್ತಿದ್ದಂತೆಯೇ ನಿದ್ದೆ ಹತ್ತಿತು.