ನೋಡದೆ ಹಾಕಿದ ಸಹಿ

ಹೋದ ಸೋಮವಾರ ಆಡೂರಿನ ನೀಲವ್ವ ಹಾನಗಲ್ಲಿನ ನಮ್ಮ ಮನೆಗೆ ಬಂದು ಒಂದು ಕಾಗದ ಮುಂದಿಟ್ಟಳು. ಆಕೆಗೆ ಓದು ಬಾರದು.

"ಕೋರ್ಟಿನ್ಯಾಗ ನಕಲು ಕೊಟ್ಟಾರ್ರಿ ಮಾಸ್ತರ. ಏನ್ ಬರದಾರ, ಓದಿ ಹೇಳ್ರಿ."

ನೀಲವ್ವ ವಿಧವೆ. ಗಂಡನ ಪಾಲಿಗೆ ಬಂದಿದ್ದ ಎರಡು ಖೋಲಿಗಳಿಗೆ ಮೈದುನ ಬೀಗ ಜಡಿದಿದ್ದ. ನಾಲ್ಕು ವರ್ಷ ದಾವೆ ನಡೆಸಿ ಗೆದ್ದಳು. ಕೋರ್ಟಿನ ಬೆಲೀಫ ಹೋಗಿ, ಬೀಗ ಒಡೆದು ಆಕೆಗೆ ಕಬ್ಜಾ ಕೊಡಿಸಬೇಕಿತ್ತು. ಮೂರು ತಿಂಗಳಾಯಿತು. ಆಕೆ ಇನ್ನೂ ತಂಗಿಯ ಮನೆಯ ಪಡಸಾಲೆಯಲ್ಲೇ ಇದ್ದಾಳೆ. ಕೇಳಲು ಹೋದಾಗಲೆಲ್ಲ ಬೆಲೀಫರ ಮೇಲಧಿಕಾರಿ ನಾಜರ ಸಾಹೇಬರದು ಒಂದೇ ಮಾತು: "ಕಬ್ಜಾ ಕೊಟ್ಟಾಗೇತಿ, ಹೋಗಬೇ."

ಅದು ಬೆಲೀಫನ ವರದಿ. ಓದತೊಡಗಿದೆ. "ಬೀಗ ಒಡೆದು, ಪಂಚರ ಸಮಕ್ಷಮ ಕಬ್ಜಾ ಕೊಡಲಾಯಿತು." ಕೆಳಗೆ ಕಣ್ಣಾರೆ ಕಂಡ ಸಾಕ್ಷಿಗಳೆಂದು ಇಬ್ಬರು ಪಂಚರ ಸಹಿ. ಎರಡನೆಯದು ನನ್ನದು!

ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಮೂರು ತಿಂಗಳ ಹಿಂದೆ ಯಾವುದೋ ಕೆಲಸಕ್ಕೆ ಕೋರ್ಟಿಗೆ ಹೋಗಿದ್ದೆ. ಪರಿಚಯದ ಬೆಲೀಫ ಹೋಟೆಲಿಗೆ ಕರೆದು ಚಹಾ ಕುಡಿಸಿದ. "ಬರೇ ಫಾರ್ಮಾಲಿಟಿ ಮಾಸ್ತರ, ಒಂದ್ ಸಹಿ ಹಾಕ್ರಿ" ಎಂದ. ಹಾಕಿದೆ. (ಓದಲೂ ಇಲ್ಲ. ಮಕ್ಕಳಿಗೆ ಓದು ಕಲಿಸುವವನು ನಾನು!)

"ಮುಂದ ಓದ್ರಿ ಮಾಸ್ತರ. ಸಹಿ ಯಾರದೈತ್ರಿ?"

ಸುಳ್ಳು ಹೇಳಬಹುದಿತ್ತು. ಆಕೆಗೆ ಹೇಗೆ ತಿಳಿಯಬೇಕು?

"ನಂದ ಐತಿ, ನೀಲವ್ವ."

ಆಕೆ ಬೈಯಲಿಲ್ಲ. "ನೀವು ನಮ್ಮೂರಿಗೆ ಯಾವಾಗ ಬಂದಿದ್ರಿ?" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಇಬ್ಬರೂ ಕೋರ್ಟಿಗೆ ಹೋದೆವು. ಜಡ್ಜರ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಬೆಲೀಫನನ್ನು ಕರೆಸಿದರು.

"ಯುದ್ಧದಾಗ ಪೆಟ್ರೋಲ್ ಇಲ್ಲದ್ದಕ್ಕ ಬಸ್ಸು ಇದ್ದಲಿ ಮ್ಯಾಲ ಓಡ್ತಾವರಿ ಸಾಹೇಬ್ರ, ನಡುದಾರ್ಯಾಗ ಕೆಟ್ಟು..."

"ನೀ ಆಡೂರಿಗೆ ಹೋಗಿದ್ದಿಯೋ ಇಲ್ಲೋ?"

"ಇಲ್ಲರಿ."

ಬೆಲೀಫ ಸಸ್ಪೆಂಡ್ ಆದ. ತುಂಬಿದ ಕೋರ್ಟಿನಲ್ಲಿ ನನಗೆ ಛೀಮಾರಿ. ಶುಕ್ರವಾರ ಬೇರೊಬ್ಬ ಬೆಲೀಫ ಆಡೂರಿಗೆ ಹೋಗಿ ಬೀಗ ಒಡೆದ. ನಾನೂ ಹೋಗಿದ್ದೆ. (ಸಹಿಗೆ ನನ್ನನ್ನು ಯಾರೂ ಕರೆಯಲಿಲ್ಲ. ಕರೆಯಬಾರದು ಕೂಡ.) ನೀಲವ್ವ ಒಳಗೆ ಹೋದವಳೇ ಕುಸಿದಿದ್ದ ಒಲೆಯ ಮುಂದೆ ಕುಳಿತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಹೊರಗ ಯಾಕ ನಿಂತೀರಿ ಮಾಸ್ತರ? ಒಳಗ ಬರ್ರಿ" ಎಂದಳು. ಹೊಸ್ತಿಲು ದಾಟಲು ನನಗೆ ಧೈರ್ಯ ಬರಲಿಲ್ಲ.

ಬೆಲೀಫನಿಗೆ ಶಿಕ್ಷೆಯಾಯಿತು, ನನಗೂ ಆಯಿತು. ಆದರೆ ಮೂರು ತಿಂಗಳು ಆಕೆ ಎದುರಿಗೆ ನಿಂತು ಗೋಳಾಡಿದರೂ, ಒಂದು ಸಲವೂ ಆಡೂರಿಗೆ ಆಳು ಕಳಿಸಿ ನೋಡದ ನಾಜರ ಸಾಹೇಬರು ಇವತ್ತೂ ಅದೇ ಕುರ್ಚಿಯಲ್ಲಿದ್ದಾರೆ.

ಅವರನ್ನು ಕೇಳುವ ಕೋರ್ಟು ಯಾವುದು?